ಖುರಾಕಿನ ಮಾತು

ಬೆಳಗಾವಿ ಸೀಮೆಯ ನಮ್ಮ ಅಂಕಲಗಿ ಕಡೆ ಹುಡುಗನೊಬ್ಬ ಪೈಲ್ವಾನ ಆಗುತ್ತೇನೆ ಎಂದರೆ ಮನೆಯ ಹಿರಿಯರು ಅವನ ತೋಳು ಮುಟ್ಟಿ ನೋಡುವ ಮೊದಲು ಕೊಟ್ಟಿಗೆಯ ಕಡೆ ನೋಡುತ್ತಾರೆ. ಹಿಂಡುವ ಎಮ್ಮೆ ಎಷ್ಟು? ದಿನಕ್ಕೆ ಇವನೊಬ್ಬನಿಗೇ ಇಷ್ಟು ಹಾಲು ಎತ್ತಿಟ್ಟರೆ ಉಳಿದವರಿಗೆ ಏನು? ಬದಾಮಿ, ತುಪ್ಪ, ಮೊಟ್ಟೆ ಎಲ್ಲಿಂದ? 'ಖುರಾಕು ಯಾರ ಕೊಡತಾರ?' ಎಂಬುದು ಮೊದಲ ಪ್ರಶ್ನೆ. ಪಟ್ಟು ಕಲಿಸುವ ವಸ್ತಾದರು ಆಮೇಲೆ ಸಿಗುತ್ತಾರೆ, ಗರಡಿಮನೆಯ ಕೆಮ್ಮಣ್ಣು ಆಮೇಲೆ ಮೈಗೆ ಹತ್ತುತ್ತದೆ. ಹನ್ನೆರಡರಿಂದ ಇಪ್ಪತ್ತರವರೆಗೆ ಆ ದೇಹವನ್ನು ಸಾಕುವ ಹೊಣೆ ಯಾರದು ಎಂದು ತೀರ್ಮಾನವಾಗದೆ ಈ ಭಾಗದಲ್ಲಿ ಒಬ್ಬ ಹುಡುಗನೂ ಪೈಲ್ವಾನ ಆದದ್ದಿಲ್ಲ.

ನಾನು ಈ ಸೀಮೆಯ ಹೈಸ್ಕೂಲುಗಳಲ್ಲಿ ಪಿ.ಟಿ. ಮಾಸ್ತರನಾಗಿ ದುಡಿದು ನಿವೃತ್ತನಾದವನು. ಕಬಡ್ಡಿ, ಖೋಖೋ, ವಾಲಿಬಾಲ್ ಕಲಿಸಿದ್ದೇನೆ. ಮನಸ್ಸು ಮಾತ್ರ ಫುಟ್‌ಬಾಲಿನಲ್ಲಿತ್ತು. ಮಾರ್ಕಂಡೇಯ ನದಿಯ ಆಚೀಚೆ ಜೋಳದ ಹೊಲ ಕೊಯ್ದು ಬಯಲಾದಾಗ ಹುಡುಗರು ಕೂಳೆ ಚುಚ್ಚುವ ನೆಲದ ಮೇಲೆ ಬರಿಗಾಲಲ್ಲಿ ಚೆಂಡು ಒದೆಯುತ್ತಾರೆ. ಈಗ ಅವರ ಮೈಮೇಲೆ ವಾರದ ಸಂತೆಯಲ್ಲಿ ಕೊಂಡ ಹಳದಿ ಅಂಗಿ ಇರುತ್ತದೆ, ಬೆನ್ನ ಮೇಲೆ ಹತ್ತು ಎಂಬ ಅಂಕಿ, ಮೇಲೆ ನೇಮಾರ್ ಎಂದೋ ವಿನಿಸಿಯಸ್ ಎಂದೋ ಹೆಸರು. ಬ್ರೆಜಿಲ್ ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಲು ಬಾರದವನಿಗೂ ಅಲ್ಲಿನ ಹುಡುಗರು ಹದಿನಾರಕ್ಕೆ ಲೋಕಪ್ರಸಿದ್ಧರಾಗುತ್ತಾರೆ ಎಂಬುದು ಗೊತ್ತು. ಅವರು ನನ್ನನ್ನು ಕೇಳುವುದು ಒಂದೇ: 'ಸರ್, ನಮ್ಮ ಕಡೆಯವರು ಯಾಕ ಆಗೂದಿಲ್ಲ?' ಆಗಿದ್ದರು ಎಂಬುದು ನನ್ನ ಉತ್ತರ. ಬೆಂಗಳೂರಿನಲ್ಲಿ ಆಗಿದ್ದರು, ಬರಿಗಾಲಲ್ಲೇ ಆಗಿದ್ದರು. ಅವರ ಖುರಾಕಿನ ಕಥೆ ಹೇಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ. ಬ್ರಿಟಿಷ್ ಪಲ್ಟಣಗಳು ಬಂದವು, ಪರೇಡಿನ ಮೈದಾನಗಳು ಬಂದವು, ಸಂಜೆಗೆ ಸಿಪಾಯಿಗಳ ಫುಟ್‌ಬಾಲೂ ಬಂತು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಕೇರಿಗಳಲ್ಲಿ ಪಲ್ಟಣದ ಅಡುಗೆಯವರು, ಕುದುರೆಯವರು, ದರ್ಜಿಗಳು, ತೋಟದವರು ವಾಸವಾಗಿದ್ದರು. ಅವರ ಮಕ್ಕಳು ಮೈದಾನದ ಅಂಚಿನಲ್ಲಿ ನಿಂತು ನೋಡಿ ಕಲಿತರು. ಬೂಟು ಕೊಳ್ಳುವ ಶಕ್ತಿ ಇರಲಿಲ್ಲ, ಆದ್ದರಿಂದ ಬೂಟಿನವರಿಗೆ ಬಾರದ ಒಂದು ಆಟವನ್ನು ಬೆಳೆಸಿಕೊಂಡರು. ಬೆರಳ ತುದಿಯಲ್ಲಿ ಚೆಂಡು ಎತ್ತುವುದು, ಪಾದದ ಒಳಮೈಯಿಂದ ಅದನ್ನು ತಡೆದು ಅಲ್ಲೇ ತಿರುಗಿಸುವುದು, ಎದುರಾಳಿಯ ಭಾರವಾದ ಬೂಟು ಬೀಳುವ ಮೊದಲೇ ಕಾಲು ಹಿಂದಕ್ಕೆಳೆಯುವುದು. ಬರಿಗಾಲನ್ನು ಬಡತನದ ಗುರುತಾಗಿ ಮಾತ್ರ ನೋಡುವವರು ಈ ಕುಶಲತೆಯನ್ನು ಕಾಣದೆ ಹೋಗುತ್ತಾರೆ. ಹೊಲದಲ್ಲಿ ಆಡುವ ನನ್ನ ಹುಡುಗರಲ್ಲಿ ಅದನ್ನು ಕಣ್ಣಾರೆ ಕಂಡದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಈ ಕೇರಿಗಳ ತಂಡಗಳಲ್ಲಿ ಬೆಂಗಳೂರು ಮುಸ್ಲಿಮ್ಸ್ ದೊಡ್ಡ ಹೆಸರು. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ವರ್ಷವರ್ಷವೂ ಅದನ್ನು ಯಾವುದಾದರೊಂದು ಬ್ರಿಟಿಷ್ ಪಲ್ಟಣ ಒಯ್ಯುತ್ತಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅದನ್ನು ಗೆದ್ದಿತು. ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಅದೇ. ಫೈನಲ್‌ನಲ್ಲಿ ಸೋತದ್ದು ಸಾಮಾನ್ಯ ತಂಡವಲ್ಲ, 1934ರಿಂದ ಸತತವಾಗಿ ಕಲ್ಕತ್ತಾ ಲೀಗ್ ಗೆಲ್ಲುತ್ತಿದ್ದ ಮಹಮ್ಮಡನ್ ಸ್ಪೋರ್ಟಿಂಗ್. 1938ರಲ್ಲಿ ಮತ್ತೆ ಬೆಂಗಳೂರೇ ಗೆದ್ದಿತು. ಕೋಟೆ ಕಟ್ಟಿದ ದೊರೆಗಳ ಆಟದಲ್ಲಿ ಅವರ ಆಳುಗಳ ಮಕ್ಕಳು ಗೆದ್ದರು. ಇತಿಹಾಸದ ಪುಸ್ತಕಗಳಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡದ 1911ರ ಗೆಲುವಿಗೆ ಸಿಕ್ಕ ಸಾಲುಗಳಲ್ಲಿ ಕಾಲುಭಾಗವಾದರೂ 1937ಕ್ಕೆ ಸಿಗಬೇಕಿತ್ತು. ಕನ್ನಡದ ಶಾಲಾ ಪಾಠದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ನಿಜವಾಗಿ ನೋವಿನ ಸಂಗತಿ.

ಆ ವರ್ಷ ಬೆಂಗಳೂರಿನಲ್ಲಿ ಅಹ್ಮದ್ ಖಾನ್ ಎಂಬ ಹತ್ತು ವರ್ಷದ ಹುಡುಗನಿದ್ದ. ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಫುಟ್‌ಬಾಲ್ ಆಡುವ ಮನೆತನದಲ್ಲಿ. ಪೈಲ್ವಾನರ ಮನೆಯಲ್ಲಿ ಹುಟ್ಟಿದ ಮಗು ನಡೆಯಲು ಕಲಿಯುವಾಗಲೇ ಮಣ್ಣು ಮೆತ್ತಿಕೊಳ್ಳುವ ಹಾಗೆ ಆ ಮನೆಯ ಮಕ್ಕಳ ಕಾಲಿಗೆ ಚೆಂಡು ಹತ್ತಿತ್ತು. ಬೆಂಗಳೂರು ಕ್ರೆಸೆಂಟ್ ತಂಡದಲ್ಲಿ ಆಡಿ, ಬೆಂಗಳೂರು ಮುಸ್ಲಿಮ್ಸ್‌ಗೂ ಆಡಿ ಅಹ್ಮದ್ ಬೆಳೆದರು. ಎಡಗಡೆಯ ಒಳ ಮುಂಪಡೆ ಅವರ ಜಾಗ. ಚೆಂಡನ್ನು ಅವರು ಕಾಲಿಗೆ ಸುತ್ತಿಕೊಂಡು ಆಡಿಸುತ್ತಿದ್ದ ರೀತಿ ಕಂಡು ಮುಂದೆ ಕಲ್ಕತ್ತೆಯ ಜನ ಅವರನ್ನು ಹಾವಾಡಿಗ ಎಂದು ಕರೆದರು. ಸಂತೋಷ್ ಟ್ರೋಫಿಯನ್ನು ಮೈಸೂರು ಸಂಸ್ಥಾನ ಮೊದಲ ಸಲ ಗೆದ್ದದ್ದು 1946-47ರ ಋತುವಿನಲ್ಲಿ, ಬೆಂಗಳೂರಿನಲ್ಲೇ, ಬಂಗಾಲವನ್ನು ಸೋಲಿಸಿ. ಅಹ್ಮದರ ಹರೆಯ ಅರಳಿದ್ದು ಅಂಥ ಕಾಲದಲ್ಲಿ.

1948ರ ಜುಲೈ 31. ಲಂಡನ್ ಹತ್ತಿರದ ಇಲ್ಫರ್ಡ್ ಊರಿನ ಕ್ರಿಕಲ್‌ಫೀಲ್ಡ್ ಮೈದಾನ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ, ಎದುರು ಫ್ರಾನ್ಸ್. ನಾಯಕ ನಾಗಾ ಗುಡ್ಡದ ಡಾ. ಟಿ. ಆವ್. ಗೋಲಿನಲ್ಲಿ ಮೈಸೂರಿನ ಕೆಂಚಪ್ಪ ವರದರಾಜ್. ಮುಂಪಡೆಯಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್. ತಂಡದ ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ. ಕೆಲವರು ಪಟ್ಟಿ ಸುತ್ತಿಕೊಂಡಿದ್ದರು, ಅಷ್ಟೆ. ಮೂವತ್ತನೇ ನಿಮಿಷಕ್ಕೆ ಫ್ರಾನ್ಸ್ ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು. ಎಪ್ಪತ್ತನೇ ನಿಮಿಷದಲ್ಲಿ ರಾಮನ್ ಹೊಡೆದ ಚೆಂಡು ಬಲೆ ಸೇರಿತು. ಸ್ವತಂತ್ರ ಭಾರತ ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಗಳಿಸಿದ ಮೊದಲ ಗೋಲು ಅದು, ಬೆಂಗಳೂರಿನ ಕಾಲಿನದು. ಪಂದ್ಯ ಮುಗಿಯಲು ಒಂದು ನಿಮಿಷವಿದೆ ಎನ್ನುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಸೋತ ತಂಡಕ್ಕೆ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಪೆನಾಲ್ಟಿಗಳಲ್ಲಿ ಒಂದಾದರೂ ಒಳಗೆ ಹೋಗಿದ್ದರೆ ಎಂದು ಈಗಲೂ ಮನಸ್ಸು ಕೊರಗುತ್ತದೆ.

ಇಲ್ಲಿಂದ ಖುರಾಕಿನ ಪ್ರಶ್ನೆ ಎದ್ದು ನಿಲ್ಲುತ್ತದೆ. ಒಲಿಂಪಿಕ್ಸ್ ಆಡಿ ಬಂದ ಹುಡುಗನಿಗೆ ಬೆಂಗಳೂರು ಏನು ಕೊಡಬಲ್ಲದಾಗಿತ್ತು? ಪಲ್ಟಣಗಳು ಹಡಗು ಹತ್ತಿ ಹೋಗಿದ್ದವು. ಕೇರಿಯ ತಂಡಗಳಿಗೆ ಅಭಿಮಾನಿಗಳಿದ್ದರು, ಹಣವಿರಲಿಲ್ಲ. ಕಲ್ಕತ್ತೆಯಲ್ಲಿ ಹಣವಿತ್ತು. ಕಾಗದದ ಮೇಲೆ ಅಲ್ಲಿನ ಆಟಗಾರರೆಲ್ಲ ಹವ್ಯಾಸಿಗಳು. ಆದರೆ ರೈಲ್ವೆಯಲ್ಲಿ, ಬಂದರಿನಲ್ಲಿ, ಕಸ್ಟಮ್ಸ್‌ನಲ್ಲಿ ನೌಕರಿ ಸಿಗುತ್ತಿತ್ತು, ಕ್ಲಬ್ಬಿನ ಮೆಸ್ಸಿನಲ್ಲಿ ಊಟ ಸಿಗುತ್ತಿತ್ತು, ಕೈಗಿಷ್ಟು ಕಾಸೂ ಸೇರುತ್ತಿತ್ತು. 1949ರಲ್ಲಿ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಸೇರಿದರು. ಹತ್ತು ವರ್ಷ ಅಲ್ಲೇ ಉಳಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್, ಸಾಲೆ: ಈ ಐವರನ್ನು ಕಲ್ಕತ್ತೆಯವರು ಪಂಚಪಾಂಡವರು ಎಂದರು. ಗಮನಿಸಿ, ಬಂಗಾಲದ ಕ್ಲಬ್ಬಿನ ಐವರು ಪಾಂಡವರೂ ದಕ್ಷಿಣದಿಂದ ಹೋದವರು. ಐ.ಎಫ್.ಎ. ಶೀಲ್ಡನ್ನು ಈಸ್ಟ್ ಬೆಂಗಾಲ್ 1949, 1950, 1951, ಹೀಗೆ ಸಾಲಾಗಿ ಮೂರು ವರ್ಷ ಗೆದ್ದಿತು.

ಇದು ನಮ್ಮ ಸೀಮೆಯವರಿಗೆ ಹೊಸ ಕಥೆಯಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 1894ರಿಂದ 1922ರವರೆಗೆ ಆಳಿದರು. ಕುಸ್ತಿಗೆ ಅವರಂಥ ಆಶ್ರಯದಾತ ಇನ್ನೊಬ್ಬನಿರಲಿಲ್ಲ. ಖಾಸಬಾಗ್ ಎಂಬ ದೊಡ್ಡ ಕುಸ್ತಿ ಕಣ 1912ರಲ್ಲಿ ಸಿದ್ಧವಾಯಿತು. ಅಂದಿನಿಂದ ಇಂದಿನವರೆಗೆ ಹುಕ್ಕೇರಿ, ಗೋಕಾಕ, ಚಿಕ್ಕೋಡಿ ಕಡೆಯ ಕಸುವುಳ್ಳ ಹುಡುಗರು ಕೊಲ್ಹಾಪುರದ ತಾಲೀಮುಗಳಿಗೆ ಗಂಟು ಕಟ್ಟಿಕೊಂಡು ಹೋಗುತ್ತಲೇ ಇದ್ದಾರೆ. ನಮ್ಮ ಜಾತ್ರೆಯ ಕಣದಲ್ಲಿ ತೆಂಗಿನಕಾಯಿಗೆ ಹಿಡಿಯುವ ಚಿಕ್ಕ ಮಕ್ಕಳ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಯವರೆಗೆ ಬಂದವನಿಗೆ ಮುಂದಿನ ದಾರಿ ಅದೇ. ಹಲಗಿಯ ನಾದದಲ್ಲಿ ಅವನನ್ನು ಹೆಗಲ ಮೇಲೆ ಹೊರುವವರು ನಾವು, ಹಾಲು ಬದಾಮಿ ಕೊಟ್ಟು ಬೆಳೆಸುವವರು ಅವರು. ಬೆಂಗಳೂರಿನ ಚೆಂಡಿನ ಹುಡುಗನಿಗೆ ಕಲ್ಕತ್ತೆ ಆದದ್ದು ನಮ್ಮ ಪೈಲ್ವಾನನಿಗೆ ಕೊಲ್ಹಾಪುರ ಆದ ರೀತಿಯಲ್ಲೇ.

ಇನ್ನು 1950. ಬ್ರೆಜಿಲ್‌ನಲ್ಲಿ ವಿಶ್ವಕಪ್. ಬರ್ಮಾ, ಇಂಡೋನೇಷ್ಯಾ, ಫಿಲಿಪೈನ್ಸ್ ಹಿಂದೆ ಸರಿದದ್ದರಿಂದ ಭಾರತಕ್ಕೆ ಒಂದೂ ಪಂದ್ಯ ಆಡದೆ ಸ್ಥಾನ ಸಿಕ್ಕಿತು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರು ಬಂತು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡುವುದಿಲ್ಲ ಎಂದದ್ದಕ್ಕೆ ನಮ್ಮವರು ಹೋಗಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಡಗಿನ ದೀರ್ಘ ಪ್ರಯಾಣ, ಖರ್ಚು, ಅಭ್ಯಾಸಕ್ಕೆ ಸಮಯವಿಲ್ಲದ್ದು, ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದೆಂದು ಫೆಡರೇಶನ್ನಿನವರು ತಿಳಿದದ್ದು, ಇವೇ ಮುಖ್ಯ ಕಾರಣಗಳೆಂದು ಅಂದಿನ ಆಟಗಾರ ಶೈಲೇನ್ ಮನ್ನಾ ಅವರೂ ಮುಂದೆ ಹೇಳಿದ್ದಾರೆ. ಬೂಟಿನ ಕಥೆಯನ್ನು ಪದೇಪದೇ ಹೇಳಿ ತಪ್ಪನ್ನು ಹುಡುಗರ ಪಾದದ ಮೇಲೆ ಹೊರಿಸುವುದು ಅನ್ಯಾಯ. ತೀರ್ಮಾನ ಮಾಡಿದವರು ಬೂಟು ಹಾಕಿಕೊಂಡವರೇ.

ತಂಡ ಹೋಗಿದ್ದರೆ ಇಪ್ಪತ್ತಮೂರರ ಅಹ್ಮದ್ ಖಾನರನ್ನು ಬಿಟ್ಟು ಹೋಗುವುದು ಕಷ್ಟವಿತ್ತು. ಬೆಂಗಳೂರಿನ ಕೇರಿಯ ಕಾಲು ಬ್ರೆಜಿಲ್‌ನ ನೆಲ ಮುಟ್ಟುತ್ತಿತ್ತು. ಜುಲೈ 16ರಂದು ರಿಯೊದ ಮರಕಾನಾದಲ್ಲಿ ಉರುಗ್ವೆ ಬ್ರೆಜಿಲ್ಲನ್ನು 2-1ರಿಂದ ಸೋಲಿಸಿತು. ಅಂದು ಸಾವೊ ಪಾವ್ಲೊ ರಾಜ್ಯದ ಬೌರು ಎಂಬ ರೈಲು ಜಂಕ್ಷನ್ ಊರಿನಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗ ರೇಡಿಯೊ ಮುಂದೆ ಅಪ್ಪ ಅಳುವುದನ್ನು ಕಂಡ. ಅಪ್ಪನೂ ಆಟಗಾರ, ಮೊಣಕಾಲು ಕೆಟ್ಟು ದೊಡ್ಡ ಹೆಸರು ಮಾಡಲಾಗದವನು. ಮಗ ಕೇರಿಯ ಗೆಳೆಯರೊಂದಿಗೆ ಆಡುತ್ತಿದ್ದ ತಂಡಕ್ಕೆ ಬೂಟಿಲ್ಲದವರು ಎಂದೇ ಅಡ್ಡಹೆಸರು. ಅವನೇ ಪೆಲೆ.

ಪೆಲೆಯ ಮುಂದಿನ ಆರು ವರ್ಷಗಳನ್ನು ನಾನು ಹುಡುಗರಿಗೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಆ ಆರು ವರ್ಷದಲ್ಲೇ ಎಲ್ಲ ಇದೆ. ಬೌರು ಅಥ್ಲೆಟಿಕ್ ಕ್ಲಬ್ಬಿನ ಕಿರಿಯರ ತಂಡಕ್ಕೆ ಸೇರಿದ. ಅಲ್ಲಿ ಕಲಿಸುತ್ತಿದ್ದವರು ವಾಲ್ಡೆಮಾರ್ ಡಿ ಬ್ರಿಟೊ, 1934ರ ವಿಶ್ವಕಪ್ ಆಡಿ ಬಂದವರು. ಒಂದು ರೈಲು ಜಂಕ್ಷನ್ನಿನ ಹುಡುಗರಿಗೆ ವಿಶ್ವಕಪ್ ಆಡಿದ ವಸ್ತಾದ! 1956ರಲ್ಲಿ ಅವರೇ ಅವನನ್ನು ಸ್ಯಾಂಟೋಸ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಇರಲು ಜಾಗ, ಉಣ್ಣಲು ಊಟ, ಸಹಿ ಮಾಡಿದ ಕರಾರು, ತಿಂಗಳ ಸಂಬಳ. ಅದೇ ವರ್ಷ ಸೆಪ್ಟೆಂಬರ್ 7ರಂದು ಹದಿನೈದರ ಪೆಲೆ ಹಿರಿಯರ ತಂಡದಲ್ಲಿ ಮೊದಲ ಪಂದ್ಯ ಆಡಿ ಗೋಲು ಹೊಡೆದ. 1958ರಲ್ಲಿ ಹದಿನೇಳರ ವಯಸ್ಸಿಗೆ ಸ್ವೀಡನ್‌ನಲ್ಲಿ ವಿಶ್ವಕಪ್ ಫೈನಲ್‌ನ ಎರಡು ಗೋಲು. ಪ್ರತಿಭೆ ದೇವರು ಕೊಟ್ಟದ್ದಿರಬಹುದು. ಬೌರುವಿನ ಮೈದಾನದಿಂದ ಸ್ಯಾಂಟೋಸ್‌ವರೆಗಿನ ಮೆಟ್ಟಿಲುಗಳನ್ನು ಮನುಷ್ಯರು ಕಟ್ಟಿಟ್ಟಿದ್ದರು.

ಆ ಮೆಟ್ಟಿಲು ಕಟ್ಟಿದವರಲ್ಲಿ ಗಿರಣಿಗಳೂ ಇದ್ದವು. ಈ ಸಂಗತಿ ತಿಳಿದಾಗ ನನಗೆ ನಮ್ಮ ಗೋಕಾಕ ಫಾಲ್ಸ್ ನೆನಪಾಯಿತು. ಘಟಪ್ರಭೆಯ ನೀರಿನ ಬಲದಿಂದ ನೂಲು ತೆಗೆಯುವ ಗಿರಣಿ ಅಲ್ಲಿ ಶುರುವಾದದ್ದು 1887ರಲ್ಲಿ. ಸುತ್ತಲ ಹಳ್ಳಿಗಳಿಂದ ಎಷ್ಟೋ ಮನೆತನಗಳು ಅದರ ಕೂಲಿಯಲ್ಲಿ ಬದುಕಿದವು. ಹೆಚ್ಚೂಕಡಿಮೆ ಅದೇ ಕಾಲಕ್ಕೆ, 1889ರಲ್ಲಿ, ರಿಯೊದ ಹೊರವಲಯದ ಬಂಗು ಎಂಬಲ್ಲಿಯೂ ಒಂದು ಬಟ್ಟೆ ಗಿರಣಿಯ ಕಂಪನಿ ಹುಟ್ಟಿತು. ಇಂಗ್ಲೆಂಡಿನಿಂದ ಬಂದ ಕುಶಲಕರ್ಮಿಗಳು 1904ರಲ್ಲಿ ಫುಟ್‌ಬಾಲ್ ಕ್ಲಬ್ ಕಟ್ಟಿದರು. ಹನ್ನೊಂದು ಮಂದಿ ಇಂಗ್ಲಿಷರು ಸಿಗದಿದ್ದಾಗ ಗಿರಣಿಯ ಕೂಲಿಯವರನ್ನು ಸೇರಿಸಿಕೊಂಡರು. ರಿಯೊದ ಶ್ರೀಮಂತ ಕ್ಲಬ್ಬುಗಳು ಕಪ್ಪು ಜನರನ್ನು ಬಾಗಿಲೊಳಗೆ ಬಿಡದಿದ್ದ ಕಾಲದಲ್ಲಿ ಬಂಗು ತಂಡದಲ್ಲಿ ಫ್ರಾನ್ಸಿಸ್ಕೊ ಕರ್ರೆಗಾಲ್ ಎಂಬ ಕಪ್ಪು ನೇಕಾರ ಆಡಿದ. ಚೆನ್ನಾಗಿ ಆಡುವ ಕೂಲಿಗೆ ಹಗುರ ಕೆಲಸ, ಅಭ್ಯಾಸಕ್ಕೆ ಬಿಡುವು. ಬ್ರೆಜಿಲ್‌ನಲ್ಲಿ ಬಡವರ ಮಕ್ಕಳು ಆಟಗಾರರಾಗುವ ದಾರಿ ಅಲ್ಲಿಂದ ಅಗಲವಾಯಿತು. ನಮ್ಮ ಕಡೆ ಗಿರಣಿಯ ಪಾಳಿ ಮುಗಿಸಿ ಬಂದ ಹರೆಯದವರ ಮನಸ್ಸು ಗರಡಿಯಲ್ಲಿತ್ತು, ದೊಡ್ಡಾಟದಲ್ಲಿತ್ತು, ಸಣ್ಣಾಟದಲ್ಲಿತ್ತು. ಒಂದೊಂದು ಊರಿಗೆ ಒಂದೊಂದು ಹುಚ್ಚು ಇರುತ್ತದೆ, ಅದರಲ್ಲಿ ಮೇಲು ಕೀಳಿಲ್ಲ.

ಬೆಂಗಳೂರಿಗೆ ಬಂಗುವಿನ ಕಾಲ ತಡವಾಗಿ ಬಂತು. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಶುರುಮಾಡಿದ ವಿಮಾನ ಕಾರ್ಖಾನೆ ಎಚ್.ಎ.ಎಲ್. ಆಯಿತು. 1948ರಲ್ಲಿ ಐ.ಟಿ.ಐ. ಟೆಲಿಫೋನ್ ಕಾರ್ಖಾನೆ, ಮುಂದೆ ಎಚ್.ಎಂ.ಟಿ., ಬಿ.ಇ.ಎಲ್., ಬಿ.ಇ.ಎಂ.ಎಲ್. ಒಂದೊಂದಕ್ಕೂ ಕ್ವಾರ್ಟರ್ಸ್, ಕ್ಯಾಂಟೀನು, ಮೈದಾನ. ಆಟಗಾರನಿಗೆ ಪಿಂಚಣಿಯಿರುವ ನೌಕರಿ, ಬೆಳಿಗ್ಗೆ ಯಂತ್ರದ ಮುಂದೆ, ಮಧ್ಯಾಹ್ನದ ಮೇಲೆ ಮೈದಾನದಲ್ಲಿ. ಕಲ್ಕತ್ತೆಗೆ ಹೋಗಲೇಬೇಕೆಂಬ ಕಟ್ಟು ಸಡಿಲಾಯಿತು. ಹೋದವರೂ ಇದ್ದರು. ಕೆಂಪಯ್ಯ ಮೋಹನ್ ಬಾಗಾನ್‌ಗೆ ಆಡಿದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿದ್ದರು, 1960ರ ರೋಮ್‌ಗೂ ಹೋದರು. ಅರುಮೈನಾಯಗಂ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದವರಲ್ಲಿ ಒಬ್ಬರು. ಇತ್ತ ಊರಲ್ಲಿ ಉಳಿದವರ ಬಲದಿಂದ ಮೈಸೂರು ರಾಜ್ಯ 1967-68 ಮತ್ತು 1968-69ರಲ್ಲಿ ಸಾಲಾಗಿ ಎರಡು ಸಲ ಸಂತೋಷ್ ಟ್ರೋಫಿ ಗೆದ್ದಿತು.

1977ರ ಸಂಗತಿ ಹೇಳದೆ ಮುಂದೆ ಹೋಗಲಾರೆ. ಆ ವರ್ಷ ಮೊದಲ ಸಲ ಫೆಡರೇಶನ್ ಕಪ್ ನಡೆಯಿತು, ಎರ್ನಾಕುಲಂನಲ್ಲಿ. ಫೈನಲ್‌ನಲ್ಲಿ ಒಂದು ಕಡೆ ಮೋಹನ್ ಬಾಗಾನ್, ಇನ್ನೊಂದು ಕಡೆ ಬೆಂಗಳೂರಿನ ಐ.ಟಿ.ಐ. ದೂರವಾಣಿ ಜೋಡಿಸುವ ಕಾರ್ಖಾನೆಯ ತಂಡ 1-0ರಿಂದ ಗೆದ್ದಿತು. ಅದೇ ವರ್ಷ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಕಾಸ್ಮಾಸ್ ತಂಡದ ಜೊತೆ ಪೆಲೆ ಕಲ್ಕತ್ತೆಯ ಈಡನ್ ಗಾರ್ಡನ್‌ಗೆ ಬಂದರು, ಮೋಹನ್ ಬಾಗಾನ್ ವಿರುದ್ಧ ಆಡಿದರು. ಪಂದ್ಯ 2-2ರಲ್ಲಿ ಸಮವಾಯಿತು. ಪೆಲೆ ಇದ್ದ ತಂಡಕ್ಕೆ ಸೋಲಿಸಲಾಗದ ಮೋಹನ್ ಬಾಗಾನನ್ನು ನಮ್ಮ ಟೆಲಿಫೋನ್ ಕಾರ್ಖಾನೆಯವರು ಅದೇ ವರ್ಷ ಸೋಲಿಸಿದ್ದರು. ಆಗ ಪೆಲೆಗೆ ಮೂವತ್ತಾರು ದಾಟಿತ್ತು, ಮೈದಾನ ಮಳೆಯಿಂದ ಕೆಸರಾಗಿತ್ತು, ಎಲ್ಲ ನಿಜ. ಆದರೂ ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ಅದನ್ನು ಮರೆಮಾಚುವ ಅಗತ್ಯ ನನಗೆ ಕಾಣುವುದಿಲ್ಲ.

ಬೆಂಗಳೂರಿನ ಹಲಸೂರಿನ ಹತ್ತಿರ ಗೌತಮಪುರ ಎಂಬ ಬಡಾವಣೆ ಇದೆ. ಮಿನಿ ಬ್ರೆಜಿಲ್ ಎಂದು ಜನ ಕರೆಯುತ್ತಾರೆ. ಅಲ್ಲಿನ ಬೀದಿಯಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಪ್ರತಿಮೆಗಳ ಸಾಲಿನಲ್ಲಿ ಪೆಲೆಯ ಪ್ರತಿಮೆಯೂ ಇದೆ. ಬೆಂಗಳೂರಿಗೆ ಹೋದಾಗ ನಾನು ಅದನ್ನು ನೋಡಲೆಂದೇ ಆ ಕಡೆ ನಡೆದಿದ್ದೆ. ಮನೆಗಳು ಒತ್ತೊತ್ತಾಗಿವೆ, ಆಡುವ ಜಾಗ ಸಣ್ಣದು, ಅದರಲ್ಲೇ ಮಕ್ಕಳು ಚೆಂಡನ್ನು ಗೋಡೆಗೆ ಹೊಡೆದು ವಾಪಸು ಪಡೆಯುತ್ತಾರೆ. ಆ ಬೀದಿಗಳು ದೇಶಕ್ಕೂ ರಾಜ್ಯಕ್ಕೂ ಎಷ್ಟೋ ಆಟಗಾರರನ್ನು ಕೊಟ್ಟಿವೆ. ಅಲ್ಲಿ ಪೆಲೆ ದೂರದ ದೇವರಲ್ಲ, ನಮ್ಮಂಥದೇ ಕೇರಿಯಿಂದ ಬಂದ ಹಿರಿಯಣ್ಣ.

ಕಾರ್ಖಾನೆಗಳ ಕಾಲ ಮುಗಿಯುತ್ತ ಬಂದಾಗ ಬೆಳೆದ ಹುಡುಗ ಕಾರ್ಲ್ಟನ್ ಚಾಪ್‌ಮನ್. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಮೊದಲು ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕಲಿತರು, ಸದರ್ನ್ ಬ್ಲೂಸ್ ತಂಡಕ್ಕೆ ಆಡಿದರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. ಆ ಅಕಾಡೆಮಿ 1987ರಲ್ಲಿ ತೆರೆದಿತ್ತು. ಊಟ, ವಸತಿ, ಓದು, ಬೂಟು ಎಲ್ಲವೂ ಕಂಪನಿಯದು. ಹುಡುಗ ಮಾಡಬೇಕಾದದ್ದು ಆಡುವುದು, ಕಲಿಯುವುದು. 1993ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು; ಈಸ್ಟ್ ಬೆಂಗಾಲ್ ಆ ಪಂದ್ಯವನ್ನು 6-2ರಿಂದ ಗೆದ್ದಿತು. ಆಮೇಲೆ ಪಂಜಾಬಿನ ಜೆ.ಸಿ.ಟಿ.; 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ ಅದು. ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿ ನಾಯಕನಾಗಿ 2000-01ರ ಲೀಗ್ ಗೆದ್ದರು. 2020ರ ಅಕ್ಟೋಬರ್ 12ರಂದು, ನಲವತ್ತೊಂಬತ್ತರ ವಯಸ್ಸಿಗೆ, ಬೆಂಗಳೂರಿನಲ್ಲಿ ತೀರಿಕೊಂಡರು. ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ತೊಂಬತ್ತು ದಾಟಿ ಹೋಗಿದ್ದರು. ಇಬ್ಬರ ನಡುವೆ ಹೆಚ್ಚೂಕಡಿಮೆ ಅರ್ಧ ಶತಮಾನದ ಅಂತರವಿದ್ದರೂ ದಾರಿ ಒಂದೇ: ಆಟ ಕಲಿತದ್ದು ಬೆಂಗಳೂರಿನಲ್ಲಿ, ಹರೆಯದಲ್ಲಿ ಅನ್ನ ಹಾಕುವವರು ಬೇರೆ ಊರಲ್ಲಿ.

ಈಗಿನ ಬ್ರೆಜಿಲ್ ಹುಡುಗರ ಲೆಕ್ಕ ಬೇರೆಯೇ ಆಗಿದೆ. ರಿಯೊ ಬಳಿಯ ಸಾವೊ ಗೊನ್ಸಾಲೊದ ವಿನಿಸಿಯಸ್ ಜೂನಿಯರ್ 2000ದಲ್ಲಿ ಹುಟ್ಟಿದವನು. ಬಾಲ್ಯದಿಂದ ಫ್ಲಮೆಂಗೊ ಕ್ಲಬ್ಬಿನಲ್ಲಿ ಬೆಳೆದ. 2017ರ ಮೇ ತಿಂಗಳಲ್ಲಿ, ಹದಿನಾರರ ವಯಸ್ಸಿಗೆ, ರಿಯಲ್ ಮ್ಯಾಡ್ರಿಡ್ ಅವನಿಗಾಗಿ ಸುಮಾರು 4.5 ಕೋಟಿ ಯೂರೊ ಕೊಡಲು ಒಪ್ಪಿತು. ಆದರೆ ಹದಿನೆಂಟು ತುಂಬುವವರೆಗೆ ದೇಶ ದಾಟುವಂತಿಲ್ಲ ಎಂಬುದು ಫಿಫಾ ನಿಯಮ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹದಿನೇಳರೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆದಾಗ ಬ್ರೆಜಿಲ್ ಪಟ್ಟಿಯಲ್ಲಿ ಅವನ ಹೆಸರಿತ್ತು, ಫ್ಲಮೆಂಗೊ ಅವನನ್ನು ಬಿಟ್ಟುಕೊಡಲಿಲ್ಲ. ಆಮೇಲಿನವನು ಎಂಡ್ರಿಕ್, 2006ರಲ್ಲಿ ಹುಟ್ಟಿದವನು. ಅವನನ್ನು ಸೇರಿಸಿಕೊಂಡ ಪಾಲ್ಮೈರಾಸ್ ಕ್ಲಬ್ಬು ಅವನ ತಂದೆಗೂ ಅಲ್ಲೇ ಸ್ವಚ್ಛತೆಯ ಕೆಲಸ ಕೊಟ್ಟಿತು. ಹುಡುಗನನ್ನು ಸಾಕಬೇಕಾದರೆ ಮನೆಯನ್ನೂ ಸಾಕಬೇಕು ಎಂಬುದು ಅವರಿಗೆ ಗೊತ್ತು.

ಫಿಫಾದ ಇನ್ನೊಂದು ನಿಯಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಹೋದಾಗ, ಆ ಹಣದ ನೂರಕ್ಕೆ ಐದು ಪಾಲು, ಅವನನ್ನು ಹನ್ನೆರಡರಿಂದ ಇಪ್ಪತ್ತಮೂರರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಖುರಾಕು ಕೊಟ್ಟವರ ಋಣವನ್ನು ಲೋಕದ ಸಂಸ್ಥೆಯೊಂದು ಲೆಕ್ಕದ ಪುಸ್ತಕಕ್ಕೆ ತಂದಿದೆ. ಅಹ್ಮದ್ ಖಾನ್ ಬೆಂಗಳೂರು ಬಿಟ್ಟಾಗ ಅವರನ್ನು ಬೆಳೆಸಿದ ಕೇರಿಯ ಕ್ಲಬ್ಬುಗಳಿಗೆ ಇಂಥ ಹಕ್ಕಿನ ಕಲ್ಪನೆಯೂ ಇರಲಿಲ್ಲ. ಇದ್ದಿದ್ದರೆ ಆ ಕ್ಲಬ್ಬುಗಳ ಕಥೆ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ನಮ್ಮ ಅಂಕಲಗಿಗೆ ಬಂದರೆ, ದೂರದ ಬ್ರೆಜಿಲ್ ಏಕೆ, ಗಡಿಯಾಚೆಯ ಕೊಲ್ಹಾಪುರ ಸಾಕು. ಅಲ್ಲಿಯ ಫುಟ್‌ಬಾಲ್ ತಂಡಗಳ ಹೆಸರು ನೋಡಿ: ಪಾಟಾಕಡೀಲ್ ತಾಲೀಮ್ ಮಂಡಳ, ದಿಲ್‌ಬಹಾರ್ ತಾಲೀಮ್ ಮಂಡಳ, ಬಾಲಗೋಪಾಲ ತಾಲೀಮ್ ಮಂಡಳ. ಕುಸ್ತಿಯ ಗರಡಿಗಳೇ ಫುಟ್‌ಬಾಲ್ ತಂಡ ಕಟ್ಟಿವೆ. ಪೇಟೆಗೊಂದು ತಾಲೀಮು, ತಾಲೀಮಿಗೊಂದು ತಂಡ, ಶಾಹು ಸ್ಟೇಡಿಯಂನಲ್ಲಿ ಪಂದ್ಯವಿದ್ದರೆ ಪೇಟೆಗೆ ಪೇಟೆಯೇ ಎದ್ದು ಬರುತ್ತದೆ. ಪೈಲ್ವಾನನನ್ನು ಸಾಕಿದ ಪದ್ಧತಿಯನ್ನು ಅವರು ಚೆಂಡಿಗೂ ತಂದರು. ನಮ್ಮ ಸಂಕೇಶ್ವರದಿಂದ ಆಚೆ ಸ್ವಲ್ಪ ದೂರದಲ್ಲೇ ಇರುವ ಗಡಹಿಂಗ್ಲಜದಲ್ಲೂ ಅದೇ ಹುರುಪು. 2017ರ ವಿಶ್ವಕಪ್‌ನಲ್ಲಿ ಭಾರತದ ಹದಿನೇಳರೊಳಗಿನವರ ತಂಡದಲ್ಲಿ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದ ಹುಡುಗ. ಅವನು ಎಳವೆಯಲ್ಲೇ ಪುಣೆಯ ಕ್ರೀಡಾ ಪ್ರಬೋಧಿನಿ ಎಂಬ ಸರ್ಕಾರಿ ಕ್ರೀಡಾ ವಸತಿಶಾಲೆಗೆ ಸೇರಿದ್ದ. ಗರಡಿಯ ಊರು ಆಟ ಹಚ್ಚಿತು, ಸರ್ಕಾರದ ವಸತಿ ಊಟ ಹಾಕಿತು.

ನಮ್ಮಲ್ಲಿ ಗರಡಿ ಇದೆ, ಜಾತ್ರೆ ಇದೆ, ಮಠದ ದಾಸೋಹವಿದೆ, ಊರ ಹಿರಿಯರಿಗೆ ಪೈಲ್ವಾನನನ್ನು ಸಾಕಿ ಗೊತ್ತಿದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, 1856ರಿಂದ ನಡೆಯುತ್ತಿರುವ ಸೇಂಟ್ ಪಾಲ್ಸ್ ಶಾಲೆಯ ಮೈದಾನದಲ್ಲಿ ಶಾಲಾ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತದೆ. ಅಂಕಲಗಿಯ ಹುಡುಗನಿಗೆ ಅಲ್ಲಿಯವರೆಗಿನ ಬಸ್ಸಿದೆ. ಸಂಜೆ ಅಭ್ಯಾಸ ಮುಗಿಸಿ ಮರಳುವ ಹೊತ್ತಿಗೆ ಅವನ ಹೊಟ್ಟೆಗೆ ಏನು, ಕಾಲಿಗೆ ಯಾವ ಬೂಟು, ಮರುದಿನದ ಶಾಲೆಯ ಪಾಠ ಯಾರು ಹೇಳಿಕೊಡುತ್ತಾರೆ, ಇವಕ್ಕೆ ಉತ್ತರ ಇಲ್ಲ. ನನ್ನ ಕೈಯಲ್ಲಿ ಬೆಳೆದವರಲ್ಲಿ ಎಡಗಾಲಿನ ಒಬ್ಬ ಹುಡುಗನಿದ್ದ. ನಡೆಯುವಷ್ಟೇ ಸಹಜವಾಗಿ ಚೆಂಡನ್ನು ಬೇಕಾದ ಕಡೆ ತಿರುಗಿಸುತ್ತಿದ್ದ. ಹತ್ತನೇ ತರಗತಿ ಮುಗಿದ ಮೇಲೆ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದ. ಮನೆಯವರನ್ನು ದೂರಲಾರೆ, ಹಂಗಾಮಿನ ಮುಂಗಡ ಹಣ ಅವರ ಕೈಗೆ ಬಂದಿತ್ತು, ಚೆಂಡಿನಿಂದ ಒಂದು ರೂಪಾಯಿಯೂ ಬಂದಿರಲಿಲ್ಲ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾಧ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, ಐವತ್ತನಾಲ್ಕು ವರ್ಷಗಳ ನಂತರ. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ಹೆಸರುಗಳನ್ನು ಓದಿದಾಗ ನನಗೆ ಸಂತೋಷವೇ ಆಯಿತು: ಒಂದು ಕಾಲಕ್ಕೆ ನಮ್ಮ ಹುಡುಗರು ಅನ್ನ ಹುಡುಕಿಕೊಂಡು ಕಲ್ಕತ್ತೆಗೆ ಹೋದರು, ಈಗ ಬೇರೆ ಸೀಮೆಯ ಹುಡುಗರು ಬೆಂಗಳೂರಿಗೆ ಬಂದು ಕರ್ನಾಟಕಕ್ಕೆ ಆಡುತ್ತಾರೆ. ಅಷ್ಟು ಶಕ್ತಿ ಬೆಂಗಳೂರಿಗೆ ಬಂದಿದೆ ಎಂದಾದರೆ ಅದರ ಒಂದು ಪಾಲು ಬೆಳಗಾವಿಗೂ ಬರಬೇಕು. ತಾಲೂಕಿಗೊಂದು ತಂಡ, ಆರಿಸಿದ ಹದಿನೈದು ಹುಡುಗರಿಗೂ ಹುಡುಗಿಯರಿಗೂ ಹೈಸ್ಕೂಲು ಮುಗಿಯುವವರೆಗೆ ಹಾಲು, ಮೊಟ್ಟೆ, ಬೂಟು, ಬಸ್ ಪಾಸು. ಕಲಿಸಲು ರಾಜ್ಯಕ್ಕೆ ಆಡಿದ ಒಬ್ಬ ತರಬೇತುದಾರ. ನಮ್ಮೂರ ಗರಡಿಯ ಹಿರಿಯರ ಮುಂದೆ ಈ ಮಾತು ಇಟ್ಟಿದ್ದೇನೆ. ಹಾಲಿನ ಡೇರಿಯವರನ್ನೂ ಕರೆದು ಕೂತು ಮಾತಾಡೋಣ ಎಂದಿದ್ದಾರೆ. ಮೈದಾನಕ್ಕೆಂದು ಕೇಳಿರುವ ಜಾಗ ಹೊಳೆಯ ಕಡೆಗಿದೆ. ಕಲ್ಲು ಆರಿಸಿ ರೋಲರ್ ಹೊಡೆಸಬೇಕು.